ಸ್ಕ್ರೂ ಹಿಡಿದ ತುಂಡು

ಬಾಗಿಲ ಮೇಲೆ ಮೂರು ಸಲ ಬಡಿದ ಸದ್ದು. ತುಸು ತಡೆದು ಇನ್ನೊಮ್ಮೆ, ಮೊದಲಿಗಿಂತ ಮೆಲ್ಲಗೆ.

ಮಹಾನಂದಾ ಹಾಸಿಗೆಯಲ್ಲಿ ಎದ್ದು ಕುಳಿತಳು. ಬಾಗಲಕೋಟೆಯ ನವನಗರದಲ್ಲಿ ಅವಳು ಬಾಡಿಗೆಗೆ ಹಿಡಿದಿದ್ದ ಆ ಒಂಟಿ ಕೋಣೆಗೆ ರಾತ್ರಿ ಹತ್ತರ ಮೇಲೆ ಬರುವವರು ಯಾರೂ ಇರಲಿಲ್ಲ.

“ಯಾರ್ರಿ ಅದು?”

ಜಲ್ಲಿಕಲ್ಲಿನ ಮೇಲೆ ಅವಸರದ ಹೆಜ್ಜೆಗಳು ಕೇಳಿದವು. ಆಮೇಲೆ ಎಣ್ಣೆ ಕಾಣದ ಸೈಕಲ್ಲೊಂದರ ಕಿರುಗುಟ್ಟುವಿಕೆ ದೂರವಾಗುತ್ತ ಹೋಯಿತು. ಅವಳು ಕೈಗೆ ಸಿಕ್ಕ ಲಟ್ಟಣಿಗೆಯನ್ನು ಬಿಗಿಯಾಗಿ ಹಿಡಿದು ಚಿಲಕ ತೆಗೆದಳು. ಬೀದಿ ಖಾಲಿಯಿತ್ತು. ಹೊಸ್ತಿಲ ಮೇಲೆ ಮಾತ್ರ ಮೊಳದುದ್ದದ ಒಂದು ತುಂಡು ಬಿದ್ದಿತ್ತು.

ದೀಪದ ಕೆಳಗೆ ಹಿಡಿದು ನೋಡಿದಳು. ಕಂದು ಬಣ್ಣದ ಬಾಗಿಲ ಚೌಕಟ್ಟಿನ ತುಂಡು. ಅವಳು ನಡೆಸುವ ಯಂತ್ರದಿಂದಲೇ ಬಂದದ್ದು. ನಿನ್ನೆ, ಸೋಮವಾರ, ಕೆಟ್ಟುಹೋಗಿ ಅವಳ ನೌಕರಿಗೇ ಕುತ್ತು ತಂದಿದ್ದ ಮಾಲು. ಅದರಲ್ಲಿ ಈಗ ಯಾರೋ ಮೂರು ಸ್ಕ್ರೂ ಬಿಗಿದಿದ್ದರು. ಒಂದು ನಟ್ಟನಡುವೆ, ಇನ್ನೊಂದು ಅಂಚಿನಿಂದ ಒಂದಿಂಚು ಒಳಗೆ, ಮೂರನೆಯದು ಅಂಚಿಗೇ ಅಂಟಿಕೊಂಡಂತೆ. ಮೂರೂ ತಲೆಯವರೆಗೆ ಇಳಿದಿದ್ದವು. ತುಂಡಿನಲ್ಲಿ ಎಲ್ಲಿಯೂ ಒಂದು ಬಿರುಕು ಇರಲಿಲ್ಲ.

ಹಾಗೆ ಆಗಲು ಸಾಧ್ಯವೇ ಇರಲಿಲ್ಲ. ಅವಳು ಉಗುರಿನಿಂದ ಅಂಚನ್ನು ಕೆರೆದು ನೋಡಿದಳು. ತುಂಡನ್ನು ಕಿವಿಯ ಬಳಿ ಹಿಡಿದು ಬಾಗಿಸಿದಳು. ಅಂಗೈಯಲ್ಲಿಟ್ಟು ತೂಗಿದಳು. ಇನ್ನು ಮಲಗುವ ಮಾತೇ ಇರಲಿಲ್ಲ.

ಅದು ೨೦೦೪ರ ಫೆಬ್ರುವರಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳನ್ನು ಬಿಟ್ಟುಕೊಟ್ಟು ಬಂದ ಜನ ನವನಗರದಲ್ಲಿ ಇನ್ನೂ ಮನೆ ಕಟ್ಟುತ್ತಲೇ ಇದ್ದರು. ಸಾಗವಾನಿಯ ಬಾಗಿಲು ಎಲ್ಲರ ಕೈಗೆಟಕುತ್ತಿರಲಿಲ್ಲ. ಅಗ್ಗದ ಕಟ್ಟಿಗೆ ಹಾಕಿಸಿದವರ ಚೌಕಟ್ಟುಗಳನ್ನು ಗೆದ್ದಲು ಎರಡೇ ವರ್ಷಕ್ಕೆ ಹಪ್ಪಳ ಮಾಡುತ್ತಿತ್ತು. ಇದನ್ನು ನೋಡಿಯೇ ಇಳಕಲ್ಲಿನ ವಿಜಯಮಹಾಂತೇಶ ಊರ ಹೊರಗಿನ ಕೈಗಾರಿಕಾ ವಸಾಹತುವಿನಲ್ಲಿ ಶೆಡ್ಡು ಹಾಕಿದ್ದ. ನೇಕಾರರ ಮನೆಯ ಮಗ. ಅಪ್ಪನ ಮಗ್ಗಕ್ಕೆ ಬೆನ್ನು ಮಾಡಿ, ಕಟ್ಟಿಗೆಯ ಹುಡಿಗೆ ಪ್ಲಾಸ್ಟಿಕ್ ಬೆರೆಸಿ ಬಾಗಿಲು, ಕಿಟಕಿಯ ಚೌಕಟ್ಟು ಮಾಡಲು ಹೊರಟವನು. ಕಟ್ಟಿಗೆ ಕೊರೆಯುವ ಮಿಲ್ಲುಗಳಿಂದ ತಂದ ಹುಡಿಯನ್ನು ಜರಡಿ ಹಿಡಿದು, ಬಿಸಿ ಕೋಣೆಯಲ್ಲಿ ಒಣಗಿಸಿ, ಪ್ಲಾಸ್ಟಿಕ್ ಪುಡಿಯೊಂದಿಗೆ ಯಂತ್ರದ ಬಾಯಿಗೆ ಸುರಿದರೆ ಒಳಗೆ ಎರಡೂ ಕಾದು ಒಂದಾಗಿ, ಆ ತುದಿಯ ಅಚ್ಚಿನಿಂದ ಚೌಕಟ್ಟಿನ ರೂಪದಲ್ಲಿ ಹೊರಬರುತ್ತಿದ್ದವು. ಕೆಲಸಗಾರರು ಆ ಯಂತ್ರವನ್ನು ‘ಶಾವಿಗಿ ಮಶಿನ್’ ಎಂದು ಕರೆಯುತ್ತಿದ್ದರು.

ಆ ಶಾವಿಗಿ ಮಶಿನ್ ನಡೆಸುವವಳು ಮಹಾನಂದಾ. ಊರು ಚೊಳಚಗುಡ್ಡ. ತಾಯಿ ಸಾವಿತ್ರೆವ್ವ ಬನಶಂಕರಿಗೆ ಬಂದ ಭಕ್ತರ ನಡುವೆ ರೊಟ್ಟಿ, ಮೊಸರು, ಕೆಂಪು ಚಟ್ನಿಯ ಬುಟ್ಟಿ ಹೊತ್ತು ತಿರುಗಿ ಮಗಳಿಗೆ ಡಿಪ್ಲೊಮಾ ಓದಿಸಿದ್ದಳು. “ಈ ಬುಟ್ಟಿ ನನ್ನ ತಲಿ ಮ್ಯಾಲಿಂದ ನಿನ್ನ ತಲಿಗೆ ಬರಬಾರದು, ಅಷ್ಟ,” ಎನ್ನುವುದೊಂದೇ ಅವಳ ಮಾತು. ಮಗಳು ಯಂತ್ರದ ಮುಂದೆ ನಿಂತ ದಿನ ಸಾವಿತ್ರೆವ್ವ ನೋಡಲು ಬಂದು, ಹೊರಬರುತ್ತಿದ್ದ ಚೌಕಟ್ಟನ್ನು ಮುಟ್ಟಲು ಹೋಗಿ ಬೆರಳು ಸುಟ್ಟುಕೊಂಡು, ಆ ಬೊಬ್ಬೆಯನ್ನು ವಾರಗಟ್ಟಲೆ ಓಣಿಗೆಲ್ಲ ತೋರಿಸಿಕೊಂಡು ತಿರುಗಿದ್ದಳು.

ಈಗ ಆ ಕೆಲಸವೇ ಶನಿವಾರದವರೆಗೆ ಮಾತ್ರ ಉಳಿದಿತ್ತು.

ಒಂದು ಟ್ರಸ್ಟಿನವರು ಹುಡುಗಿಯರ ವಸತಿನಿಲಯ ಕಟ್ಟಿಸುತ್ತಿದ್ದರು. ಅದರ ಅಷ್ಟೂ ಬಾಗಿಲು, ಕಿಟಕಿಗಳು ಈ ಶೆಡ್ಡಿನಿಂದ ಹೋಗಬೇಕೆಂಬುದು ವಿಜಯಮಹಾಂತೇಶನ ಕನಸು. ಆದರೆ ಟ್ರಸ್ಟಿನ ಎಂಜಿನಿಯರರು ಮೊದಲ ಸಲ ಬಂದ ದಿನ, ಬಾಗಿಲು ತಿರುಗುವ ಬಿಜಾಗರಿ ಕೂಡಿಸಲು ಸ್ಕ್ರೂ ಬಿಗಿಯುತ್ತಿದ್ದಂತೆಯೇ ಚೌಕಟ್ಟು ಫಟ್ಟೆಂದು ಸೀಳಿತ್ತು. ಕಲ್ಲಿನಂತೆ ಗಟ್ಟಿ, ಕಲ್ಲಿನಂತೆ ಭಾರ, ಕಲ್ಲಿನಂತೆಯೇ ಬಿರುಕು.

“ಒಂದು ಸ್ಕ್ರೂ ತಡ್ಕೊಳ್ಳೋದಿಲ್ಲ ಅಂದ್ರೆ ಬಾಗಿಲು ಯಾತರ ಮೇಲೆ ನಿಲ್ಲುತ್ತೆ?” ಎಂದಿದ್ದರು ಮೈಸೂರು ಕಡೆಯ ಆ ಎಂಜಿನಿಯರರು. “ಮುಂದಿನ ಶನಿವಾರ ಇನ್ನೊಂದು ಸಲ ಬರ್ತೀನಿ. ಅದೇ ಕಡೇ ಸಲ.”

ಅದರ ಬೆನ್ನಿಗೇ ಸೋಮವಾರದ ಅನಾಹುತ. ಬೆಳಿಗ್ಗೆ ಬಂದ ಚೌಕಟ್ಟುಗಳನ್ನು ಕೊಯ್ದು ನೋಡಿದರೆ ಒಳಗೆಲ್ಲ ಗುಳ್ಳೆ. ಹುಡಿಯಲ್ಲಿ ತೇವ ಉಳಿದರೆ ಯಂತ್ರದ ಬಿಸಿಗೆ ಆವಿಯಾಗಿ ಹೀಗೆ ಗುಳ್ಳೆ ಏಳುತ್ತದೆಂದು ಯಂತ್ರದ ಜೊತೆ ಬಂದ ಪುಸ್ತಕದ ಮೊದಲ ಪುಟದಲ್ಲೇ ಬರೆದಿತ್ತು. ಆದರೆ ಭಾನುವಾರ ಮಧ್ಯಾಹ್ನ ಮಹಾನಂದಾ ಊರಿಗೆ ಹೊರಡುವ ಮುಂಚೆ ಹುಡಿಯನ್ನು ತಾನೇ ಒಣಗಿಸಿ, ಮುಷ್ಟಿಯಲ್ಲಿ ಹಿಚುಕಿ, ಬೆರಳ ಸಂದಿನಿಂದ ಹಿಟ್ಟಿನಂತೆ ಉದುರುವುದನ್ನು ನೋಡಿಯೇ ಹೋಗಿದ್ದಳು. ಅವಳು ಹೋದ ಮೇಲೆ ಯಾರೋ ಅದಕ್ಕೆ ತೇವ ಮುಟ್ಟಿಸಿದ್ದರು.

“ಒಣಾ ಹುಡಿಗೆ ನೀರು ತಾನ ನಡಕೊಂತ ಬಂತೇನು?” ವಿಜಯಮಹಾಂತೇಶನ ಅರಚಾಟಕ್ಕೆ ಶೆಡ್ಡಿನ ತಗಡು ನಡುಗಿತ್ತು. “ಯಾರು ಈ ಕೆಲಸಾ ಮಾಡ್ಯಾರೋ, ಅವ್ರು ಈ ಗೇಟಿನ್ಯಾಗ ಒಂದು ತಾಸು ನಿಲ್ಲಂಗಿಲ್ಲ! ಯಾರೂ ಮಾಡಿಲ್ಲ ಅಂದ್ರ ಹುಡಿ ಒಣಗಸಾಕಿ ಮಹಾನಂದಾ, ಅಕೀನ ಜವಾಬ್ದಾರಿ. ಹುಬ್ಬಳ್ಳಿಯಿಂದ ಬ್ಯಾರೆ ಆಪರೇಟರ್ ಬರ್ತಾನ. ಶನಿವಾರಕ್ಕ ನಿನ್ನ ಲೆಕ್ಕಾ ಮುಗೀತು.”

ಅವನು ಕೆಟ್ಟವನಲ್ಲ, ಅವಸರದವನು. ಹುಡಿಯ ಧೂಳೆಂದರೆ ಅವನಿಗೆ ಆಗುತ್ತಿರಲಿಲ್ಲ. ಶೆಡ್ಡಿಗೆ ಬಂದರೆ ಮೂಗಿಗೆ ಕರವಸ್ತ್ರ, ಕಿವಿಗೆ ಮೊಬೈಲು. ಒಂದು ಕಿವಿಯಲ್ಲಿ ಸೊಲ್ಲಾಪುರದ ವ್ಯಾಪಾರಿಯೊಂದಿಗೆ ಮಾತಾಡುತ್ತಲೇ ಇಲ್ಲಿ ನಾಲ್ಕು ಜನಕ್ಕೆ ನಾಲ್ಕು ಕೆಲಸ ಹೇಳಿ ಹೋಗುತ್ತಿದ್ದ. ಹೋದ ವಾರ ಹೀಗೆಯೇ ಕಾವಲುಗಾರ ಗುರಪ್ಪನಿಗೆ ಹನ್ನೆರಡು ಚಹಾ ತರಲು ಹೇಳಿ, ಚಹಾ ಬಂದ ಮೇಲೆ, “ಯಾರಲೇ ಇಷ್ಟು ಚಹಾ ತರಿಸಿದ್ದು? ಇದೇನು ಬೀಗರ ಊಟೇನು?” ಎಂದು ಗದರಿದ್ದ. ಗುರಪ್ಪ ಮೂರು ಕಪ್ಪು ತಾನೇ ಕುಡಿದಿದ್ದ.

ಬುಧವಾರ ಬೆಳಗಾಗುತ್ತಿದ್ದಂತೆ ಮಹಾನಂದಾ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ನೇರವಾಗಿ ನೀಲಪ್ಪ ಬಡಿಗೇರನ ಬೇವಿನ ಗಿಡದ ಬುಡಕ್ಕೆ ಹೋದಳು. ನೀಲಪ್ಪನದು ನವನಗರದಲ್ಲೇ ಹೆಸರಾದ ಕೈ. ಎಂಜಿನಿಯರರ ಮುಂದೆ ಆ ಚೌಕಟ್ಟು ಸೀಳಿದಾಗ ಸ್ಕ್ರೂ ಬಿಗಿಯುತ್ತಿದ್ದವನೂ ಅವನೇ. ಅಂದು ಸಂಜೆ ಚಹಾದಂಗಡಿಯಲ್ಲಿ ಹತ್ತು ಬಡಿಗೇರರ ನಡುವೆ, “ಇನ್ನೊಮ್ಮೆ ಆ ಹುಡಿ ಮುದ್ದಿಗೆ ನಾ ಕೈ ಹಚ್ಚಿದ್ರ ನನ್ನ ಉಳಿ ಹೊಳಿಗೆ ಒಗೀತೇನಿ,” ಎಂದು ಆಣೆ ಮಾಡಿದವನು.

“ಕಾಕಾ, ನಿಮ್ಮ ಸೈಕಲ್ಲಿಗೆ ಒಂದೀಟು ಎಣ್ಣಿ ಬಿಡ್ರಿ. ರಾತ್ರಿ ಓಣಿ ಮಂದಿ ಎಲ್ಲಾ ಎದ್ರು.”

ನೀಲಪ್ಪ ಹಲಗೆ ಕೀಸುತ್ತಿದ್ದ ಹತ್ತರಿಯಿಂದ ತಲೆ ಎತ್ತಲಿಲ್ಲ. “ನನ್ನ ಸೈಕಲ್ ಪಂಚರ್ ಆಗಿ ಮೂರು ದಿನಾತು.”

ಗಿಡಕ್ಕೆ ಒರಗಿಸಿದ್ದ ಸೈಕಲ್ಲಿನ ಎರಡೂ ಗಾಲಿಗಳು ಬಿಮ್ಮೆನ್ನುತ್ತಿದ್ದವು. ಅವಳು ತುಂಡನ್ನು ತೆಗೆದು ಅವನ ಮುಂದಿನ ಹಲಗೆಯ ಮೇಲಿಟ್ಟಳು. “ಹಂಗಾರ ಈ ಸ್ಕ್ರೂ ಯಾರು ಬಿಗದಾರ?”

“ಊರಾಗ ಸ್ಕ್ರೂ ಬಿಗ್ಯಾಂವ ನಾ ಒಬ್ಬನ ಏನು?”

“ಮೂರರ ಗೀರೂ ನೆಟ್ಟಗ ನಿಂತಾವ, ಕಾಕಾ.”

ನೀಲಪ್ಪನ ಹತ್ತರಿ ನಿಂತಿತು. ಸ್ಕ್ರೂವಿನ ತಲೆಯ ಮೇಲಿನ ಗೀರು ಕೊನೆಯ ಸುತ್ತಿನಲ್ಲಿ ಮೇಲೆ ಕೆಳಗೆ ನೆಟ್ಟಗೆ ನಿಲ್ಲಬೇಕು, ಓರೆಯಾಗಬಾರದು. ಇದು ಅವನ ಹಟ. ಅವನು ಕೂಡಿಸಿದ ಯಾವ ಬಾಗಿಲಿನ ಬಿಜಾಗರಿ ನೋಡಿದರೂ ಸ್ಕ್ರೂಗಳು ಶಾಲೆಯ ಮಕ್ಕಳ ಹಾಗೆ ಸೆಟೆದು ನಿಂತಿರುತ್ತಿದ್ದವು. ಇದು ಊರಿಗೆಲ್ಲ ಗೊತ್ತಿತ್ತು. ಅವನೊಬ್ಬನಿಗೆ ಆ ರಾತ್ರಿ ನೆನಪಿರಲಿಲ್ಲ.

“ಥೂ ಇದರ!” ಎಂದು ನಕ್ಕುಬಿಟ್ಟ ನೀಲಪ್ಪ. “ನಿಮ್ಮ ಶೆಡ್ಡಿನ ಹೊರಗ ಕಸದಾಗ ಬಿದ್ದಿತ್ತವ್ವಾ. ಬೆಂಚಿನ ಕಾಲಿಗೆ ಕೊಡಾಕ ಬರ್ತೈತಿ ಅಂತ ತಂದೆ. ಚಹಾದಂಗಡ್ಯಾಗ ಒಡದು ತೋರಸೂಣು, ನಾಕು ಮಂದಿ ನಗಲಿ ಅಂತ ಒಂದು ಸ್ಕ್ರೂ ಹಾಕಿದೆ. ಒಡೀಲಿಲ್ಲ. ಅಂಚಿಗೆ ಹಾಕಿದೆ. ಆಗೂ ಒಡೀಲಿಲ್ಲ. ಅಂಚಿನ ತುದಿಗೆ ಹಾಕಿದೆ ನೋಡು, ನನ್ನ ಕೈಗೆ ಸಾಗವಾನಿ ಹಿಡಿದ್ಹಾಂಗ ಆತು!”

“ಹಗಲಿ ಬಂದು ಹೇಳಬಾರದೇನ್ರಿ?”

“ಹಗಲಿ ಜನಕ್ಕ ಕಣ್ಣು ಇರಂಗಿಲ್ಲೇನು? ನೀಲಪ್ಪ ಬಡಿಗೇರ ಪ್ಲಾಸ್ಟಿಕ್ ಕಟ್ಟಿಗಿ ಹಿಡಕೊಂಡು ಓಣಿ ತಿರಗ್ಯಾಡಾಕತ್ಯಾನ ಅಂದ್ರ ನನ್ನ ಉಳಿ ಜೋಡಿ ನಾನೂ ಹೊಳಿಗೆ ಹಾರಬೇಕಾಕ್ಕಿತ್ತು.” ಅವನು ತುಂಡನ್ನು ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ದನಿ ತಗ್ಗಿಸಿದ. “ಇದನ್ನ ಕೆಡಿಸ್ಯಾರ ಅಂತೀರಲ್ಲ. ಯಾರು ಕೆಡಿಸ್ಯಾರ ಅವ್ರನ್ನ ಹಿಡಕೊಂಡು ಬಾ. ನಾ ಕೈ ಮುಗೀತೇನಿ.”

ವಿಜಯಮಹಾಂತೇಶ ಮೊದಲು ನಂಬಲಿಲ್ಲ. ಸುತ್ತಿಗೆಯ ಹಿಂದಿನ ಸೀಳುಬಾಯಿಯನ್ನು ಸ್ಕ್ರೂವಿನ ತಲೆಗೆ ಸಿಕ್ಕಿಸಿ, ತುಂಡಿನ ಮೇಲೆ ಕಾಲಿಟ್ಟು, ಹಲ್ಲು ಕಚ್ಚಿ ಎಳೆದ. ಸ್ಕ್ರೂ ಬರಲಿಲ್ಲ, ಅವನೇ ಹಿಂದಕ್ಕೆ ಹೋಗಿ ಚೀಲದ ಮೇಲೆ ಕುಳಿತ. ಎದ್ದವನ ಮುಖವೇ ಬದಲಾಗಿತ್ತು.

“ಹಂಗಾರ… ಕೆಟ್ಟಿದ್ದ ಚಲೋ ಆತಲ್ಲ! ಆ ಉಳದ ಚೌಕಟ್ಟು ಎಲ್ಲಿ ಅದಾವ? ತರ್ರಿ, ತರ್ರಿ!”

“ನೀವ ನಿನ್ನಿ ಎಲ್ಲಾ ಪುಡಿ ಮಾಡಸಿದ್ರಿ, ಸರ್ರ,” ಎಂದಳು ಮಹಾನಂದಾ.

ಅವನು ತಲೆಯ ಮೇಲೆ ಕೈ ಹೊತ್ತ. ಒಂದು ಗಳಿಗೆ ಅಷ್ಟೇ. “ಮತ್ತ ಮಾಡು. ಇವತ್ತ ಮಾಡು. ಈಗ ಮಾಡು.”

“ಮಾಡಿ ತೋರಸಿದ್ರ ನಾ ಇಲ್ಲೇ ಇರಬೇಕು, ಸರ್ರ. ಶನಿವಾರದ ಮಾತು ಇರಬಾರದು.”

ಅವನು ಅವಳನ್ನೇ ನೋಡಿದ. “ಎಂಜಿನಿಯರ್ ಸಾಹೇಬ್ರು ಹೂಂ ಅಂದ್ರ ಹುಬ್ಬಳ್ಳ್ಯಾಂವ ಹುಬ್ಬಳ್ಳ್ಯಾಗ ಇರ್ತಾನ. ಮಾತು ಕೊಟ್ಟೆ.”

ಶನಿವಾರಕ್ಕೆ ಮೂರೇ ದಿನ ಉಳಿದಿತ್ತು. ಮಹಾನಂದಾ ಒಣಗಿದ ಹುಡಿಗೆ ತಂಬಿಗೆಯಿಂದ ನೀರು ಚಿಮುಕಿಸಿ ಕಲಸಿ ಯಂತ್ರಕ್ಕೆ ಹಾಕಿದಳು. ಹುಡಿ ಗಂಟುಗಂಟಾಯಿತು, ಅಚ್ಚಿನ ಬಾಯಿಂದ ಚೌಕಟ್ಟು ಬುಸುಗುಡುತ್ತ, ಸಿಡಿಯುತ್ತ ಬಂತು. ಕೊಯ್ದರೆ ಒಳಗೆ ಹೆಗ್ಗಣ ಕೊರೆದಂಥ ಬಿಲಗಳು. ಕೈ ಒತ್ತಿದರೆ ಕುಸಿಯುತ್ತಿತ್ತು. ನೀರನ್ನು ಅರ್ಧಕ್ಕಿಳಿಸಿದಳು. ಒಂದು ಮೊಳ ಕಲ್ಲು, ಒಂದು ಮೊಳ ಬಿಲ. ಬಿಸಿ ನೀರಿನ ಹಬೆ ಹಿಡಿಸಿದಳು. ಹುಡಿ ಮೇಲೆ ತೊಯ್ದು ಒಳಗೆ ಒಣಗಿಯೇ ಉಳಿಯಿತು. ಸಂಜೆಯ ಹೊತ್ತಿಗೆ ಶೆಡ್ಡಿನ ಮೂಲೆಯಲ್ಲಿ ಸೊಟ್ಟ ಚೌಕಟ್ಟುಗಳ ರಾಶಿ ಬಿದ್ದಿತ್ತು. ಮೇಜಿನ ಮೇಲೆ ಆ ಒಂದು ತುಂಡು ಮಾತ್ರ ಮೂರು ಸ್ಕ್ರೂ ಧರಿಸಿಕೊಂಡು ಕುಳಿತಿತ್ತು. ಕೊಯ್ದ ಕಡೆ ಅದರ ಒಳಗಿನ ಗುಳ್ಳೆಗಳು ರವೆಯ ಕಾಳಿನಷ್ಟು ಸಣ್ಣ, ಎಲ್ಲವೂ ಒಂದೇ ಸಮ. ಕಣ್ಣಿಗೆ ಕಾಣದಷ್ಟು ತೇವ, ಪ್ರತಿಯೊಂದು ಕಣಕ್ಕೂ ಸಮನಾಗಿ ಹತ್ತಿತ್ತು. ಯಾರ ಕೈ ಅದು?

ಗುರುವಾರ ಮುಂಜಾನೆ ವಿಜಯಮಹಾಂತೇಶ ಎಲ್ಲರನ್ನೂ ಯಂತ್ರದ ಮುಂದೆ ನಿಲ್ಲಿಸಿದ.

“ಭಾನುವಾರ ಹುಡಿಗೆ ನೀರು ಮುಟ್ಟಿಸಿದಾವ್ರು ಯಾರೇ ಇರ್ಲಿ, ಮುಂದ ಬರ್ರಿ. ಬೈಯಂಗಿಲ್ಲ. ಶಾಲು ಹೊಚ್ಚಿ ಸನ್ಮಾನ ಮಾಡ್ತೇನಿ.”

“ಸೋಮವಾರ ಗೇಟಿನಿಂದ ಹೊರಗ ಹಾಕ್ತೇನಿ ಅಂದ್ರಿ, ಇವತ್ತ ಶಾಲು ಅಂತೀರಿ,” ಎಂದ ಗುರಪ್ಪ. “ಶಾಲು ಹೊಚ್ಚಿ ಹೊರಗ ಹಾಕವ್ರೇನ್ರಿ, ಸಾವ್ಕಾರ್ರ?”

ಎಲ್ಲರೂ ನಕ್ಕರು. ಯಾರೂ ಮುಂದೆ ಬರಲಿಲ್ಲ. ಬಲೆ ಬೀಸುತ್ತಿದ್ದಾನೆಂದೇ ಎಲ್ಲರ ಎಣಿಕೆ. ಗುರಪ್ಪ ತನ್ನ ನೀರಿನ ಹರವಿ ಶೆಡ್ಡಿನ ಹೊರಗೇ ಇರುತ್ತದೆಂದು ಎರಡು ಸಲ ಹೇಳಿದ. ಜರಡಿ ಹಿಡಿಯುವ ಬಸಲಿಂಗವ್ವ ಒಬ್ಬಳು ನಕ್ಕಿರಲಿಲ್ಲ. ಅವಳ ಕೈಯ ಜರಡಿ ಜಾರಿ ನೆಲಕ್ಕೆ ಬಿತ್ತು. ಅವಳು ಒಮ್ಮೆ ತಲೆಯೆತ್ತಿ ಎದುರಿಗೆ ನೋಡಿ, ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಬಗ್ಗಿ ಜರಡಿ ಎತ್ತಿಕೊಂಡಳು. ಮಹಾನಂದಾ ಅದನ್ನು ನೋಡಿದಳು.

ಬಸಲಿಂಗವ್ವ ಇಳಕಲ್ಲಿನವಳು. ಅರವತ್ತು ದಾಟಿತ್ತು. ವಿಜಯಮಹಾಂತೇಶನ ತಂದೆ ಹೊಳಬಸಪ್ಪನವರ ಮನೆಯ ಕುಣಿಮಗ್ಗಗಳಿಗೆ ಮೂವತ್ತು ವರ್ಷ ನೂಲಿನ ಕಂಡಿಕೆ ಸುತ್ತಿದವಳು, ಉದ್ದೆಳೆಯ ಹಾಸು ಹೂಡಿದವಳು. ಹೊಳಬಸಪ್ಪ ತೀರಿಕೊಂಡು ಮಗ್ಗಗಳು ನಿಂತ ಮೇಲೆ ವಿಜಯಮಹಾಂತೇಶನೇ ಅವಳನ್ನು ಇಲ್ಲಿಗೆ ಕರೆತಂದಿದ್ದ.

ಸಂಜೆ ಎಲ್ಲರೂ ಹೋದ ಮೇಲೆ ಮಹಾನಂದಾ ಅವಳ ಪಕ್ಕದಲ್ಲಿ ಹೋಗಿ ಕುಳಿತಳು.

“ಆಯಿ, ಶನಿವಾರ ಕಳದ್ರ ನಾನೂ ಬನಶಂಕರ್ಯಾಗ ಬುಟ್ಟಿ ಹೊರತೇನಿ. ಬಂದ್ರ ಒಂದು ರೊಟ್ಟಿ ಪುಕ್ಕಟ ಕೊಡ್ತೇನಿ.”

ಬಸಲಿಂಗವ್ವ ಜರಡಿಯನ್ನು ಗೋಡೆಗೆ ತೂಗುಹಾಕಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದು, ಮೂಲೆಯಲ್ಲಿದ್ದ ಹಳೆಯ ಹತ್ತಿಯ ಸೀರೆಯೊಂದನ್ನು ತೆಗೆದು, ನೀರಿನ ತೊಟ್ಟಿಯಲ್ಲಿ ಅದ್ದಿದಳು. ಹಿಂಡಿದಳು. ಮತ್ತೆ ಹಿಂಡಿದಳು. ಒಂದು ಹನಿಯೂ ಬೀಳದಷ್ಟು ಹಿಂಡಿ, ಝಾಡಿಸಿ, ಕೆನ್ನೆಗೆ ಒತ್ತಿ ಹದ ನೋಡಿದಳು. ಒಣಗಿದ ಹುಡಿಯ ಚೀಲಗಳ ಬಾಯಿ ಬಿಚ್ಚಿ, ಹುಡಿಯನ್ನು ತಾಡಪತ್ರಿಯ ಮೇಲೆ ಬೆರಳಗಲ ತೆಳ್ಳಗೆ ಹರವಿದಳು. ಮೇಲೆ ಹಸಿ ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಗೋಣಿತಟ್ಟು ಹೊಚ್ಚಿದಳು. ಅವಳ ಕೈಗಳು ಎಲ್ಲಿಯೂ ತಡವರಿಸಲಿಲ್ಲ.

“ಹಸಿ ಮುಟ್ಟಬೇಕು, ಯವ್ವಾ. ನೀರು ಮುಟ್ಟಬಾರದು,” ಎಂದಳು. “ಬ್ಯಾಸಗಿ ಗಾಳಿಗೆ ಮಗ್ಗದ ಮ್ಯಾಲಿನ ಹಾಸು ಒಣಗಿದ್ರ ಎಳಿ ಪಟಪಟ ಹರೀತಾವ. ಅದಕ್ಕ ನಮ್ಮಲ್ಲಿ ಸಂಜಿಕೆ ಹಿಂಗ ಹೊಚ್ಚಿ ಮಲಗತಿದ್ವಿ. ಮುಂಜಾನೆ ಎಳಿ ಬೆಣ್ಣಿ ಆಗಿರ್ತಿತ್ತು.”

“ಭಾನುವಾರ ಹಿಂಗ ಹೊಚ್ಚಿ, ಸೋಮವಾರ ನಾ ಬರೂದ್ರಾಗ ಹೊಳ್ಳಿ ಚೀಲ ತುಂಬಿದಾವ್ರು ನೀವ ಏನ್ರಿ?”

“ಕೈ ನಂದು. ಮಾತು ನಂದಲ್ಲ.”

“ಮತ್ತ ಯಾರ ಮಾತು?”

“ಅದನ್ನ ಕೇಳಬ್ಯಾಡ. ಹೇಳಿದ್ರ ಒಬ್ರ ಮಾರಿ ಸಣ್ಣದಾಕ್ಕೈತಿ.”

“ಸೋಮವಾರ ಎಲ್ಲಾರ ಮುಂದ ನನ್ನ ಮಾರಿ ಸಣ್ಣದಾತಲ್ಲ, ಆಯಿ?”

ಮುದುಕಿ ಗೋಣಿತಟ್ಟಿನ ಅಂಚನ್ನು ಸರಿಪಡಿಸುತ್ತಲೇ ಇದ್ದಳು. “ಆತು. ನಿನಗ ಬೈದಿದ್ದು ನನ್ನ ಹೊಟ್ಟ್ಯಾಗ ಕೆಂಡ ಬಿದ್ದಂಗ ಬಿದ್ದೈತಿ. ಬಾಯಿ ಬಿಡಲಿಲ್ಲ, ಅಂಜಿದೆ. ಅದಕ್ಕ ಇವತ್ತ ಕೈ ತೋರಸೀನಿ. ಹೆಸರು ಮಾತ್ರ ಕೇಳಬ್ಯಾಡ.”

ಶುಕ್ರವಾರ ಬೆಳಿಗ್ಗೆ ಆರಕ್ಕೆ ಮಹಾನಂದಾ ಗೋಣಿತಟ್ಟು ಸರಿಸಿದಳು. ಹುಡಿ ನೋಡಲು ನಿನ್ನೆಯ ಹಾಗೆಯೇ ಇತ್ತು. ಮುಷ್ಟಿಯಲ್ಲಿ ಹಿಡಿದು ಬಿಟ್ಟಳು: ಹಾರಲಿಲ್ಲ, ಗಂಟೂ ಆಗಲಿಲ್ಲ; ಮೆತ್ತಗೆ ಜಾರಿತು. ಯಂತ್ರ ಕಾಯಿತು. ಸುರಿದಳು. ಇಡೀ ಶೆಡ್ಡು ಅಚ್ಚಿನ ಬಾಯಿ ನೋಡುತ್ತ ನಿಂತಿತು. ಮೊದಲ ಗೇಣು ಹೊರಬಂತು. ಸಿಡಿಯಲಿಲ್ಲ. ಎರಡನೆಯ ಗೇಣು. ಬುಸುಗುಡಲಿಲ್ಲ. ಚೌಕಟ್ಟು ನುಣ್ಣಗೆ, ನೇರವಾಗಿ, ತನ್ನ ಪಾಡಿಗೆ ತಾನು ನಡೆದುಕೊಂಡು ಬರುವ ಹಾಗೆ ಬರತೊಡಗಿತು. ಮಹಾನಂದಾ ಅದರ ಜೊತೆ ಜೊತೆಗೇ ಹೆಜ್ಜೆ ಹಾಕಿದಳು. ಏಳಡಿಗೆ ಕೊಯ್ದಳು. ಕೊಯ್ದ ಮುಖದಲ್ಲಿ ರವೆಯ ಕಾಳಿನಷ್ಟು ಸಣ್ಣ ಗುಳ್ಳೆಗಳು.

“ಆತು!” ಎಂದು ಅವಳು ಕೂಗಿದ್ದು ಗೇಟಿನಾಚೆಯ ಗುರಪ್ಪನಿಗೂ ಕೇಳಿಸಿತು. ಏಳಡಿಯ ಚೌಕಟ್ಟನ್ನು ಅವಳು ಒಬ್ಬಳೇ ಹೆಗಲ ಮೇಲೆ ಎತ್ತಿಕೊಂಡು ಶೆಡ್ಡಿನ ತುಂಬ ಓಡಾಡಿದಳು. ಮೊದಲಿನದನ್ನು ಎತ್ತಲು ಇಬ್ಬರು ಗಂಡಾಳು ಬೇಕಾಗುತ್ತಿತ್ತು.

ಶನಿವಾರ ಹತ್ತಕ್ಕೆ ಎಂಜಿನಿಯರರ ಜೀಪು ಬಂತು. ಅದಕ್ಕಿಂತ ಮುಂಚೆಯೇ, ಹಾಡೇಹಗಲಲ್ಲಿ, ಮುಂದಿನ ಗೇಟಿನಿಂದ, ಎಣ್ಣೆ ಬಿಟ್ಟ ಸೈಕಲ್ಲಿನ ಮೇಲೆ ಹತಾರಿನ ಚೀಲದೊಂದಿಗೆ ನೀಲಪ್ಪ ಬಂದಿದ್ದ.

“ಉಳಿ ಹೊಳಿಗೆ ಒಗದು ಬಂದೀರೇನ್ರಿ?” ಎಂದು ಗುರಪ್ಪ ಕೆಣಕಿದ.

“ಒಗದಿದ್ದೆ. ಹೊಳೀನ ಹೊಳ್ಳಿ ಕೊಟ್ಟು ಕಳಸ್ತಲೇ, ನೀಲಪ್ಪಗ ಇನ್ನೂ ಕೆಲಸ ಐತಿ ಅಂತ.”

ಎಂಜಿನಿಯರರು ಕೈ ಮಾಡಿ ತೋರಿಸಿದರು: ಇಲ್ಲಿ, ಇಲ್ಲಿ, ಇಲ್ಲಿ ಅಂಚಿನಲ್ಲಿ. ನೀಲಪ್ಪ ಸ್ಕ್ರೂ ಇಟ್ಟು ತಿರುಗಿಸಿದ. ಮಹಾನಂದಾ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದಳು; ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು. ಒಂದೊಂದು ಸುತ್ತಿಗೂ ಆ ಹಳೆಯ ಫಟ್ ಸದ್ದಿಗಾಗಿ ಎಲ್ಲರ ಕಿವಿ ನಿಮಿರಿತು. ಸ್ಕ್ರೂ ತಲೆಯವರೆಗೆ ಇಳಿಯಿತು. ಕೊನೆಯ ಕಾಲು ಸುತ್ತು ತಿರುಗಿಸಿ ನೀಲಪ್ಪ ಗೀರನ್ನು ನೆಟ್ಟಗೆ ನಿಲ್ಲಿಸಿದ.

ಬಾಗಿಲು ತೂಗುಹಾಕಿದರು. “ನೂರು ಸಲ ಜೋರಾಗಿ ಬಡೀರಿ,” ಎಂದರು ಎಂಜಿನಿಯರರು. ಗುರಪ್ಪ ಬಡಿದ. ಹತ್ತರವರೆಗೆ ಅವನೊಬ್ಬನೇ ಎಣಿಸಿದ, ಇಪ್ಪತ್ತಕ್ಕೆ ಜೊತೆಗೆ ನಾಲ್ವರು ಸೇರಿದರು, ಅರವತ್ತಕ್ಕೆ ಇಡೀ ಶೆಡ್ಡು ಕೂಗುತ್ತಿತ್ತು. ತೊಂಬತ್ತೊಂಬತ್ತು. ನೂರು! ಎಂಜಿನಿಯರರು ಬಿಜಾಗರಿಯ ಹತ್ತಿರ ಕಣ್ಣಿಟ್ಟು ನೋಡಿದರು, ಉಗುರಿನಿಂದ ತಟ್ಟಿದರು. ಹಿಂದಿನ ದಿನದಿಂದ ನೀರಿನ ಪೀಪಾಯಿಯಲ್ಲಿ ಮುಳುಗಿಸಿಟ್ಟಿದ್ದ ತುಂಡನ್ನು ತೆಗೆಸಿ, ಒರೆಸಿ, ಅಳೆದರು. ಉಬ್ಬಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವರು ಮುಗುಳ್ನಕ್ಕರು.

“ಕೆಲಸ ಶುರು ಮಾಡಿ. ಮೊದಲ ಮಹಡಿಯ ಬಾಗಿಲು ಯುಗಾದಿಗೆ ಬೇಕು.”

ಚಪ್ಪಾಳೆ, ಸಿಳ್ಳು. ವಿಜಯಮಹಾಂತೇಶ ಆಗಲೇ ಮೊಬೈಲು ಕಿವಿಗಿಟ್ಟು ಹುಬ್ಬಳ್ಳಿಗೆ ಕೂಗುತ್ತಿದ್ದ: “ಬರಬ್ಯಾಡಪಾ, ಬರಬ್ಯಾಡ! ನಮ್ಮ ಆಪರೇಟರ್ ನಮ್ಮಲ್ಲೇ ಅದಾಳ!” ಮಹಾನಂದಾ ಯಂತ್ರಕ್ಕೆ ಒರಗಿದಳು. ಮಂಗಳವಾರದಿಂದ ಮೊದಲ ಸಲ ಅವಳಿಗೆ ಹಸಿವೆಯಾಯಿತು.

“ಇದನ್ನ ಕಂಡುಹಿಡಿದೋರು ಯಾರು?” ಎಂಜಿನಿಯರರು ಕೇಳಿದರು.

ಎಲ್ಲರೂ ಮಹಾನಂದಾಳ ಕಡೆ ನೋಡಿದರು. ಅವಳು ತಲೆಯಾಡಿಸಿದಳು. “ಮಶಿನ್ ನಡಸಿದ್ದು ನಾನ್ರಿ. ಹದ ಬಸಲಿಂಗಾಯಿದು. ಭಾನುವಾರ ಆಕೀಗೆ ಹೇಳಿದವ್ರು ಬ್ಯಾರೆ ಯಾರೋ ಅದಾರಂತ್ರಿ.”

“ಯಾರು?” ವಿಜಯಮಹಾಂತೇಶ ಬಸಲಿಂಗವ್ವನ ಮುಂದೆ ಹೋಗಿ ನಿಂತ. “ಹೇಳಬೇ ಬಸಲಿಂಗವ್ವ. ಯಾರೇ ಇರ್ಲಿ. ಅವ್ರ ಕಾಲ ಹಿಡಿತೇನಿ.”

“ಬಿಡ್ರಿ, ಸಾವ್ಕಾರ್ರ. ಕೆಲಸ ಆತಲ್ಲ.”

“ಬಿಡಂಗಿಲ್ಲ. ಆ ಹುಡಗಿಗೆ ಸುಳ್ಳ ಬೈದೀನಿ ನಾನು. ನಮ್ಮಪ್ಪನ ಮಗ್ಗದಾಣೆ ಐತಿ ನಿನಗ, ಹೇಳು.”

ಮುದುಕಿ ಮಹಾನಂದಾಳನ್ನು ನೋಡಿದಳು. ಆಮೇಲೆ ಚೀಲದ ಮೇಲೆ ಮಡಚಿಟ್ಟಿದ್ದ ಹಸಿ ಸೀರೆಯನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

“ಭಾನುವಾರ ಹೊತ್ತು ಮುಳಗಾಕತ್ತಿತ್ರಿ. ಹುಡಿ ಹಾರತಿತ್ತು. ಬಾಗಿಲದಾಗ ಬಂದು ನಿಂತ್ರು, ಮೂಗಿಗೆ ಅರಿವಿ ಹಿಡಕೊಂಡು, ಕಿವಿಗೆ ಫೋನ್ ಹಚ್ಚಕೊಂಡು. ‘ಹೊತ್ತು ಮುಳಗೇತಿ, ಹಸಿ ಅರಿವಿ ಹೊಚ್ಚಿಬಿಡಬೇ, ಬಸಲಿಂಗಿ’ ಅಂದ್ರು, ಹೋದ್ರು. ದೊಡ್ಡ ಸಾವ್ಕಾರ್ರು ಮೂವತ್ತು ವರ್ಷ ದಿನಾ ಸಂಜಿಕೆ ಅಂತಿದ್ದ ಮಾತು. ಅದ ದನಿ. ನನ್ನ ಕೈ ತಾನ ಎದ್ದು ಮಾಡ್ತು.”

ವಿಜಯಮಹಾಂತೇಶನ ಕೈಯಲ್ಲಿ ಮೊಬೈಲು ರಿಂಗಾಗತೊಡಗಿತು. ಅವನು ಅದನ್ನು ಎತ್ತಲಿಲ್ಲ. ನೂರು ಸಲ ಬಡಿಸಿಕೊಂಡ ಬಾಗಿಲು ಗಾಳಿಗೆ ಸದ್ದಿಲ್ಲದೆ ತೆರೆದುಕೊಂಡಿತು.

“ಹೆಸರು ಹೇಳಬೇ,” ಎಂದ, ಈಗ ಬಹಳ ಮೆಲ್ಲಗೆ.

“ಹೊಳಬಸಪ್ಪನ ಮಗ, ವಿಜಯಮಹಾಂತೇಶ.”